ಮೂವತ್ತಾರರಲ್ಲಿ ಎಲ್‌ಎಲ್‌ಬಿ: ಗುಬ್ಬಿಯಿಂದ ತುಮಕೂರಿಗೆ

ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಬೇಕು, ಏನೇನು ಬೇಕು ಅಂತ ಈಗ ನನ್ನನ್ನೂ ಜನ ಕೇಳುತ್ತಾರೆ. ನಾನು ಹೇಳುವುದು ಇಷ್ಟೇ. ಪುಸ್ತಕ ಆಮೇಲೆ ತಗೊಳ್ಳಿ. ಮೊದಲು ಬೀರು ತೆಗೆದು ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಅಂಕಪಟ್ಟಿ, ಜೊತೆಗೆ ಆಧಾರ್ ಕಾರ್ಡು, ಎಲ್ಲವನ್ನೂ ಮಂಚದ ಮೇಲೆ ಸಾಲಾಗಿ ಇಡಿ. ಎಲ್ಲದರಲ್ಲೂ ನಿಮ್ಮ ಹೆಸರು ಒಂದೇ ಥರ ಇದ್ದರೆ ನೀವು ಪುಣ್ಯವಂತರು, ಅರ್ಧ ಕೆಲಸ ಮುಗಿಯಿತು.

ನಂದು ಒಂದೇ ಥರ ಇರಲಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ. ಪಿಯುಸಿಯಲ್ಲಿ ಹೆಸರಿನ ಮುಂದೆ. ಆಧಾರ್‌ನಲ್ಲಿ ಮದುವೆಯಾದ ಮೇಲೆ ಗಂಡನ ಹೆಸರು ಬಂದು ಕೂತಿದೆ. ಕಾಲೇಜಿನ ಕ್ಲರ್ಕ್ ಮೇಡಂ ಕಾಗದಗಳನ್ನು ಹಿಂದೆ ಮುಂದೆ ತಿರುಗಿಸಿ, "ಇವರೆಲ್ಲ ನೀವೇನಾ?" ಅಂದರು. ಹೌದು ಮೇಡಂ ಅಂದೆ. "ಹೌದು ಅಂದ್ರೆ ಆಗಲ್ಲ, ಅಫಿಡವಿಟ್ ಮಾಡಿಸ್ಕೊಂಡ್ ಬನ್ನಿ."

ಇದರಲ್ಲಿ ತಮಾಷೆ ಏನಂದರೆ, ನನ್ನ ಕೆಲಸವೇ ಅದು. ಗುಬ್ಬಿಯಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬರುವ ಜನಕ್ಕೆ ಪತ್ರ ಬರೆದುಕೊಡುವ ಒಂದು ಅಂಗಡಿಯಲ್ಲಿ ನಾನು ಟೈಪಿಂಗ್ ಮಾಡುತ್ತೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ, ಜಿಪಿಎ, ಬಾಡಿಗೆ ಕರಾರು, ಅಫಿಡವಿಟ್, ಎಲ್ಲ. "ಮೇಲ್ಕಂಡ ಎರಡೂ ಹೆಸರುಗಳು ನನ್ನವೇ ಆಗಿದ್ದು, ಎರಡೂ ಹೆಸರಿನ ವ್ಯಕ್ತಿ ನಾನೊಬ್ಬಳೇ ಎಂದು ಪ್ರಮಾಣೀಕರಿಸುತ್ತೇನೆ" ಅನ್ನುವ ಸಾಲನ್ನು ಎಷ್ಟು ಜನಕ್ಕೆ ಟೈಪ್ ಮಾಡಿಕೊಟ್ಟಿದ್ದೇನೋ. ಆವತ್ತು ನನಗೇ ಮಾಡಿಕೊಂಡೆ. ಯಜಮಾನರು ಇ-ಸ್ಟಾಂಪಿನ ದುಡ್ಡು ಮಾತ್ರ ತಗೊಂಡರು.

ನಾನು ಬಿಎ ಮುಗಿಸಿದ್ದು ತುಮಕೂರು ವಿಶ್ವವಿದ್ಯಾಲಯದಲ್ಲಿ. ಮುಗಿಸಿ ಮದುವೆ, ಮಗಳು, ಆಮೇಲೆ ಈ ಅಂಗಡಿ. ಘಟಿಕೋತ್ಸವದ ಸರ್ಟಿಫಿಕೇಟು ತಗೊಂಡೇ ಇರಲಿಲ್ಲ, ಯಾಕಂದರೆ ಅದನ್ನು ಇದುವರೆಗೂ ಯಾರೂ ಕೇಳಿರಲಿಲ್ಲ. ಈಗ ಅದೂ ಬೇಕು, ಮೈಗ್ರೇಶನ್ ಸರ್ಟಿಫಿಕೇಟೂ ಬೇಕು. ಯಾಕೆ ಮೈಗ್ರೇಶನ್ ಅಂದರೆ, ಲಾ ಕಾಲೇಜು ತುಮಕೂರಲ್ಲೇ ಇದ್ದರೂ ಅದು ತುಮಕೂರು ವಿಶ್ವವಿದ್ಯಾಲಯದ ಕೆಳಗೆ ಬರುವುದಿಲ್ಲ. 2009ರಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಶುರುವಾಯಿತು, ಹುಬ್ಬಳ್ಳಿಯ ನವನಗರದಲ್ಲಿ. ಅದಕ್ಕೆ ಮುಂಚೆ ಲಾ ಕಾಲೇಜುಗಳು ಆಯಾ ಭಾಗದ ವಿಶ್ವವಿದ್ಯಾಲಯಗಳಿಗೆ ಸೇರಿದ್ದವು. ಈಗ ತುಮಕೂರಿನ ಲಾ ಕಾಲೇಜುಗಳೂ ಹುಬ್ಬಳ್ಳಿಗೇ ಸೇರಿದವು. ಅಂದರೆ ಕಾಗದದ ಲೆಕ್ಕದಲ್ಲಿ ನಾನು ತುಮಕೂರು ಬಿಟ್ಟು ಹುಬ್ಬಳ್ಳಿಗೆ ಹೋದ ಹಾಗೆ. ಟಿಸಿ, ಮೈಗ್ರೇಶನ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಫೋಟೋ, ಎಲ್ಲ ಸೇರಿಸಿ ಕೊಡಬೇಕು. ಕಾಲೇಜು ಸೀಟು ಕೊಟ್ಟ ಮೇಲೂ ವಿಶ್ವವಿದ್ಯಾಲಯದಿಂದ ಪ್ರವೇಶಕ್ಕೆ ಅನುಮೋದನೆ ಬರಬೇಕು. ಅಲ್ಲಿ ಒಂದು ಕಾಗದ ಕಮ್ಮಿಯಾದರೂ ಪರೀಕ್ಷೆ ಹೊತ್ತಿಗೆ ತಲೆನೋವು.

ಮೈಗ್ರೇಶನ್‌ಗೆ ಅರ್ಜಿ ಕೊಟ್ಟು ಕಾಯುವಾಗ ಒಂದು ಕೌಂಟರಿನಲ್ಲಿ, "ಇಷ್ಟು ವರ್ಷ ಆದ್ಮೇಲೆ ಯಾಕಮ್ಮ ಇದೆಲ್ಲ?" ಅಂದರು. ಬೇಕಾದ ಕಾಗದ ಕೊಟ್ಟರೆ ಸಾಕಲ್ವಾ, ಕಾರಣ ಯಾಕೆ? ಬಾಯಿಗೆ ಬಂತು, ನುಂಗಿಕೊಂಡೆ. ಕಾಗದ ಕೈಗೆ ಬರುವ ತನಕ ಬಾಯಿ ಮುಚ್ಚಿಕೊಂಡಿರಬೇಕು, ಇದನ್ನು ಮಾತ್ರ ನಾನು ಎಲ್‌ಎಲ್‌ಬಿಗೆ ಮುಂಚೆಯೇ ಕಲಿತಿದ್ದೇನೆ.

ಅರ್ಹತೆ ವಿಷಯ ಬೇಗ ಹೇಳಿಬಿಡುತ್ತೇನೆ. ಮೂರು ವರ್ಷದ ಕೋರ್ಸಿಗೆ ಯಾವುದಾದರೂ ಡಿಗ್ರಿ ಆಗಿರಬೇಕು. ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಎಸ್‌ಸಿ ಎಸ್‌ಟಿಗೆ ಶೇ 40 ಅಂಕ. ಪಿಯುಸಿ ಆದ ಮೇಲೆ ನೇರವಾಗಿ ಸೇರುವುದು ಐದು ವರ್ಷದ ಕೋರ್ಸು, ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ ಅಂತೆಲ್ಲ ಇರುತ್ತದೆ. ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪಿಯುಸಿ ಓದದೆ, ವಯಸ್ಸಿನ ಆಧಾರದ ಮೇಲೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮಾಡಿದವರಿಗೆ ಎಲ್‌ಎಲ್‌ಬಿ ಬಾಗಿಲು ಮುಚ್ಚಿದೆ. ವಕೀಲರನ್ನೂ ಕಾನೂನು ಶಿಕ್ಷಣವನ್ನೂ ನೋಡಿಕೊಳ್ಳುವ ಬಾರ್ ಕೌನ್ಸಿಲ್‌ನ 2008ರ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಹತ್ತು, ಹನ್ನೆರಡು, ಡಿಗ್ರಿ, ಈ ಕ್ರಮದಲ್ಲೇ ಮೆಟ್ಟಿಲು ಹತ್ತಿರಬೇಕು. ಡಿಗ್ರಿ ದೂರಶಿಕ್ಷಣದ್ದಾದರೆ ಪರವಾಗಿಲ್ಲ, ಪಿಯುಸಿ ಹಾರಿಸಿರಬಾರದು. ನಮ್ಮ ಅಂಗಡಿಗೆ ಬರುವ ಒಬ್ಬರು ಪಾಪ ಆಸೆಯಿಂದ ಕೇಳಿದರು, ಅವರದ್ದು ಇದೇ ಕಥೆ. ಹೇಳೋಕೆ ನನಗೇ ಬೇಜಾರಾಯಿತು.

ವಯಸ್ಸು? ನನಗೆ ಮೂವತ್ತಾರು. ಒಂದು ಕಾಲದಲ್ಲಿ ಮೂರು ವರ್ಷದ ಕೋರ್ಸಿಗೆ ಮೂವತ್ತರ ಮಿತಿ ಹಾಕಲು ಬಾರ್ ಕೌನ್ಸಿಲ್ ಹೊರಟಿತ್ತು. 2016ರಲ್ಲಿ ಸುತ್ತೋಲೆಯೂ ಬಂತು. 2017ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಮ್ಮ ಕ್ಲಾಸಲ್ಲಿ ನನಗಿಂತ ದೊಡ್ಡವರೂ ಇದ್ದಾರೆ. ಒಬ್ಬರು ರಿಟೈರ್ಡ್ ಮೇಷ್ಟ್ರು, ಮುಂದಿನ ಬೆಂಚಲ್ಲೇ ಕೂರುತ್ತಾರೆ.

ಇಷ್ಟಕ್ಕೂ ಯಾಕೆ ಓದಬೇಕು ಅನ್ನಿಸಿತು ಅಂತ ಕೇಳುತ್ತಾರೆ. ಒಂದು ಸಲ ಒಬ್ಬ ಅಣ್ಣ, ಮೂವರು ತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಬಂದಿದ್ದರು, ಅಂದರೆ ತಂಗಿಯರು ತಮ್ಮ ಪಾಲು ಬಿಟ್ಟುಕೊಡುವ ಪತ್ರ. ತೆಂಗಿನ ತೋಟ, ಒಂದಿಷ್ಟು ಖುಷ್ಕಿ ಜಮೀನು. ತಂಗಿಯರಿಗೆ ಅರಿಶಿನ ಕುಂಕುಮಕ್ಕೆ ಅಂತ ಒಂದು ಮೊತ್ತ ಬರೆಸಿದ್ದರು. ಪ್ರಿಂಟ್ ತೆಗೆದು ಕೊಟ್ಟೆ. ನಡುವಿನವರು ನನ್ನ ಕುರ್ಚಿ ಪಕ್ಕ ಬಂದು ಬಗ್ಗಿ, "ಇದ್ರಲ್ಲೇನ್ ಬರ್ದಿದೀಯ, ಸ್ವಲ್ಪ ಓದವ್ವ" ಅಂದರು. ಓದಿದೆ. ನಮ್ಮ ಪತ್ರದ ಭಾಷೆ ನಿಮಗೆ ಗೊತ್ತಲ್ಲ, ಒಂದು ವಾಕ್ಯ ಶುರುವಾದರೆ ಒಂದು ಪುಟ ಆದ ಮೇಲೇ ನಿಲ್ಲುವುದು. ಅವರು ಚೆಕ್ಕುಬಂದಿ ತನಕ ತಾಳ್ಮೆಯಿಂದ ಕೇಳಿದರು. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ ಅನ್ನುವ ಕಡೆ ನನ್ನನ್ನೇ ತಿದ್ದಿದರು, "ಅದು ಹಳ್ಳ ಅಲ್ಲ, ಓಣಿ." ಆಮೇಲೆ ದನಿ ತಗ್ಗಿಸಿ ಕೇಳಿದರು, "ಸೈನ್ ಹಾಕ್ದಿದ್ರೆ ಏನಾಯ್ತದೆ?"

ಏನಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಯಜಮಾನರು ಟೀಗೆ ಹೋಗಿದ್ದರು. "ಅವರು ಬರ್ಲಿ, ಕೇಳಿ ಅಮ್ಮ" ಅಂದೆ. ಅವರು ಬರುವಷ್ಟರಲ್ಲಿ ಅಣ್ಣ ಕರೆದ, ಇವರು ಹೋಗಿ ಸಹಿ ಹಾಕಿದರು.

ಆವತ್ತೇ ಲಾ ಓದಬೇಕು ಅಂತ ತೀರ್ಮಾನ ಮಾಡಿದೆ ಅಂದರೆ ಕೇಳೋಕೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಆವತ್ತು ಇನ್ನೊಂದು ಕ್ರಯಪತ್ರ ಟೈಪ್ ಮಾಡಿ ಮನೆಗೆ ಹೋಗಿ ಮುದ್ದೆ ತಿರುವಿದೆ. ಆದರೆ ಆ ಪ್ರಶ್ನೆ ಮಾತ್ರ ಬಿಡಲಿಲ್ಲ. ಉತ್ತರ ಹುಡುಕುತ್ತಾ ಹೋದರೆ ಅದು ಕರ್ನಾಟಕದ್ದೇ ದೊಡ್ಡ ಕಥೆ. ನಮ್ಮ ರಾಜ್ಯ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮ ಹಕ್ಕು ಕೊಟ್ಟಿತ್ತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಬಿಟ್ಟು. 2005ರಲ್ಲಿ ಕೇಂದ್ರ ಸರ್ಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಆ ಭೇದ ತೆಗೆಯಿತು. ಅಪ್ಪ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರೆ ಏನು ಅನ್ನುವ ಜಗಳ ಇನ್ನೂ ಹದಿನೈದು ವರ್ಷ ನಡೆಯಿತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂದಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಸರಿಯಾಗಿ ಭಾಗ ಆಗಿಹೋಗಿದ್ದರೆ ಅದನ್ನು ಮುಟ್ಟುವ ಹಾಗಿಲ್ಲ. ಸೈನ್ ಹಾಕದಿದ್ದರೆ ಏನಾಗುತ್ತದೆ? ಪಾಲು ಅವರದ್ದೇ ಆಗಿ ಉಳಿಯುತ್ತದೆ. ಅಷ್ಟೇ ಉತ್ತರ. ಅಷ್ಟು ಹೇಳೋಕೆ ನನಗೆ ಅಷ್ಟೆಲ್ಲ ಓದಬೇಕಾಯಿತು.

ಮನೆಯಲ್ಲಿ ಹೇಳಿದಾಗ ನಮ್ಮನೆಯವರು ಹೂಂ ಅಂದರು. ಅವರು ಗೂಡ್ಸ್ ಆಟೋದಲ್ಲಿ ತಿಪಟೂರು ಮಂಡಿಗೆ ಕೊಬ್ಬರಿ ಹೊಡೆಯುತ್ತಾರೆ, ಹೂಂ ಅಂದರೆ ಆಯಿತು ಅಂತ ಅರ್ಥ. ಅತ್ತೆಗೆ ಮಾತ್ರ ಸಮಾಧಾನ ಆಗಲಿಲ್ಲ. "ಈ ವಯಸ್ಸಲ್ಲಿ ಕರಿ ಕೋಟ್ ಹಾಕ್ಕೊಂಡ್ ಯಾರ್ ಮೇಲೆ ಕೇಸ್ ಹಾಕ್ತೀಯೇ?" ಅಂದರು. ಆಮೇಲೆ ಅವರೇ, ತವರಿನ ಕಡೆ ಜಮೀನಿನ ಪಹಣಿ ಯಾರ ಹೆಸರಲ್ಲಿದೆ ನೋಡಿಕೊಡು ಅಂದರು!

ಅದೇ ವರ್ಷ ನನ್ನ ಅಕ್ಕನ ಮಗಳು ತುಮಕೂರಲ್ಲಿ ಎರಡನೇ ಪಿಯುಸಿ. ಅವಳದ್ದು ಕ್ಲ್ಯಾಟ್ ದಾರಿ, ಅಂದರೆ ನ್ಯಾಷನಲ್ ಲಾ ಸ್ಕೂಲುಗಳ ಪ್ರವೇಶ ಪರೀಕ್ಷೆ. ನನ್ನದು ಅಂಕಪಟ್ಟಿ ದಾರಿ. ನಮ್ಮ ರಾಜ್ಯದ ಸಾಧಾರಣ ಲಾ ಕಾಲೇಜುಗಳಿಗೆ ಸಿಇಟಿ ಥರದ ಪ್ರವೇಶ ಪರೀಕ್ಷೆ ಇಲ್ಲ, ಹಿಂದಿನ ಅಂಕ ನೋಡಿ ಸೀಟು. ಬೆಂಗಳೂರು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನ ಥರದ ಕಡೆ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಬರೆಯಲೇಬೇಕು. ಎರಡು ಗಂಟೆ, 120 ಪ್ರಶ್ನೆ, ಒಂದು ತಪ್ಪಿಗೆ ಕಾಲು ಅಂಕ ಕಟ್. ಕಾನೂನು ಗೊತ್ತಿರಬೇಕಿಲ್ಲ, ಇಂಗ್ಲಿಷ್ ಬೇಗ ಓದೋಕೆ ಬರಬೇಕು. ಉದ್ದುದ್ದ ಪ್ಯಾರಾ ಕೊಡುತ್ತಾರೆ, ಅದರ ಕೆಳಗೆ ಪ್ರಶ್ನೆಗಳು. ಗಣಿತದ್ದೂ ಪ್ಯಾರಾನೇ. ಅವಳ ಮಾಕ್ ಪೇಪರಿನ ಕಾನೂನು ಭಾಗ ಒಂದು ಭಾನುವಾರ ನಾನೂ ಬಿಡಿಸಿದೆ. ಉತ್ತರ ಸರಿಯಾಗಿಯೇ ಬಂದವು, ಆದರೆ ನಾನು ಎರಡನೇ ಪ್ಯಾರಾ ಮುಗಿಸುವ ಹೊತ್ತಿಗೆ ಅವಳು ಐದನೆಯದರಲ್ಲಿದ್ದಳು. "ಚಿಕ್ಕಮ್ಮಾ, ನೀವು ಕ್ರಯಪತ್ರ ಓದ್ದಂಗೆ ಓದ್ತೀರ" ಅಂತ ನಕ್ಕಳು. ನಿಜವೇ. ಒಂದು ಸರ್ವೆ ನಂಬರ್ ತಪ್ಪಿದರೆ ನಮ್ಮಲ್ಲಿ ತಿದ್ದುಪಡಿ ಪತ್ರ ಬರೆಯಬೇಕಾಗುತ್ತದೆ, ಹಾರಿಸಿ ಓದುವ ಅಭ್ಯಾಸ ನನಗಿಲ್ಲ.

ಅವಳಂಥ ಮಕ್ಕಳು ಮನೆಯಲ್ಲಿದ್ದರೆ ಇಷ್ಟು ಗಮನಿಸಿ. ಕ್ಲ್ಯಾಟ್ ಈಗ ಡಿಸೆಂಬರಿನಲ್ಲೇ ಆಗುತ್ತದೆ, ಅಂದರೆ ಪಿಯುಸಿ ಬೋರ್ಡ್ ಪರೀಕ್ಷೆಗೂ ಮುಂಚೆ. ಪಿಯುಸಿ ಮುಗಿಯಲಿ ಆಮೇಲೆ ನೋಡೋಣ ಅಂತ ಕೂತರೆ ಒಂದು ವರ್ಷ ಹೋಯಿತು. ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಮೀಸಲಿದೆ, ಅದಕ್ಕೆ ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ಸ್ಕೂಲು ಬದಲಾಯಿಸಿದ ಮಕ್ಕಳಿಗೆ ಪ್ರತಿ ಸ್ಕೂಲಿನಿಂದ ವ್ಯಾಸಂಗ ಪ್ರಮಾಣಪತ್ರ ತರೋದೇ ಒಂದು ಕೆಲಸ, ಮುಂಚೆಯೇ ತಂದಿಟ್ಟುಕೊಳ್ಳಿ. ನಾಗರಬಾವಿಯಲ್ಲೂ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಇದೆ, ಅದಕ್ಕೆ ಅವರದ್ದೇ ಬೇರೆ ಪರೀಕ್ಷೆ. ದಿನಾ ಗುಬ್ಬಿಯಿಂದ ನಾಗರಬಾವಿಗೆ ಹೋಗಿ ಬಂದು ಸಂಸಾರ ಮಾಡುವುದು ನನ್ನ ಕೈಲಿ ಆಗುವ ಮಾತಲ್ಲ, ಅದನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ನನ್ನ ದೊಡ್ಡ ಚಿಂತೆ ಹಾಜರಾತಿ. ನಿಯಮದ ಪ್ರಕಾರ ಶೇ 70 ಇರಲೇಬೇಕು. ಇದಕ್ಕೆ ಸುಲಭದ ದಾರಿ ಹೇಳೋಕೆ ಜನ ಕಾಯುತ್ತಲೇ ಇರುತ್ತಾರೆ. ಒಬ್ಬರು ಫೋನ್ ಮಾಡಿ, "ಪಕ್ಕದ ರಾಜ್ಯದಲ್ಲಿ ಸೀಟ್ ಮಾಡಿಸ್ಕೊಡ್ತೀನಿ ಮೇಡಂ, ಪರೀಕ್ಷೆಗೆ ಮಾತ್ರ ಬಂದ್ರೆ ಸಾಕು, ಅಟೆಂಡೆನ್ಸ್ ನಾವ್ ನೋಡ್ಕೋತೀವಿ" ಅಂದರು. ಪ್ಯಾಕೇಜು ಅಂತೆ. ನಕಲಿ ಪಹಣಿ, ನಕಲಿ ವಂಶವೃಕ್ಷ ತಂದವರು ಅಂಗಡಿಯಲ್ಲಿ ಎಷ್ಟು ಮೆದುವಾಗಿ ಮಾತಾಡುತ್ತಾರೋ ಅಷ್ಟೇ ಮೆದುವಾಗಿತ್ತು ಆ ದನಿ. ಬೇಡ ಅಂದೆ. ಬಾರ್ ಕೌನ್ಸಿಲ್ ಈಗ ವಕೀಲರ ಸರ್ಟಿಫಿಕೇಟುಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿ ಪರಿಶೀಲಿಸುತ್ತದೆ, 2015ರಿಂದ ಅದಕ್ಕೊಂದು ನಿಯಮವೇ ಇದೆ. 2024ರ ಸೆಪ್ಟೆಂಬರಿನಲ್ಲಿ ಇನ್ನೊಂದು ಸುತ್ತೋಲೆ ಬಂತು. ಬಯೋಮೆಟ್ರಿಕ್ ಹಾಜರಾತಿ, ಕ್ಯಾಮೆರಾ, ಜೊತೆಗೆ ವಿದ್ಯಾರ್ಥಿ ಮೇಲೆ ಕ್ರಿಮಿನಲ್ ಕೇಸು ಇದೆಯಾ, ಬೇರೆ ರೆಗ್ಯುಲರ್ ಕೋರ್ಸು ಮಾಡುತ್ತಿದ್ದಾರಾ, ಎಲ್ಲಾದರೂ ಕೆಲಸದಲ್ಲಿದ್ದಾರಾ ಅಂತ ಘೋಷಣೆ. ಕೆಲಸದಲ್ಲಿದ್ದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ.

ಈ ನಿರಾಕ್ಷೇಪಣಾ ಪತ್ರದ ಕಥೆ ಹೇಳಲೇಬೇಕು. ಯಜಮಾನರಿಗೆ ಅರವತ್ತು ದಾಟಿದೆ, ಕೈಬರಹದ ಕಾಲದಿಂದ ಪತ್ರ ಬರೆದವರು. ನಾನೇ ಎರಡು ಸಾಲು ಟೈಪ್ ಮಾಡುತ್ತೇನೆ, ಸಹಿ ಹಾಕಿ ಸಾಕು ಅಂದರೆ ಕೇಳಲಿಲ್ಲ. "ನಿನ್ನ ಪತ್ರ ನೀನೇ ಬರ್ಕೊಂಡ್ರೆ ಚೆನ್ನಾಗಿರಲ್ಲಮ್ಮ" ಅಂತ ತಾವೇ ಕೂತು ಬರೆದರು. "ಸದರಿಯವರಿಗೆ ಈ ಮೂಲಕ ಬರೆದುಕೊಟ್ಟ ನಿರಾಕ್ಷೇಪಣಾ ಪತ್ರದ ಕ್ರಮವೇನೆಂದರೆ" ಅಂತ ಶುರುವಾಗಿ, "ಈ ಬಗ್ಗೆ ಮುಂದೆ ನಾನಾಗಲಿ, ನನ್ನ ವಾರಸುದಾರರಾಗಲಿ ಯಾವುದೇ ತಂಟೆ ತಕರಾರು ಮಾಡುವುದಿಲ್ಲವೆಂದು ಸ್ವಇಚ್ಛೆಯಿಂದ ಬರೆದುಕೊಟ್ಟಿರುತ್ತೇನೆ" ಅಂತ ಮುಗಿಯಿತು. ಕೆಳಗೆ ಇಬ್ಬರು ಸಾಕ್ಷಿಗಳು! ಪಕ್ಕದ ಜೆರಾಕ್ಸ್ ಅಂಗಡಿಯವನು, ಹೋಟೆಲಿನ ಮಾಣಿ. ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ನಗು ತಡೆಯಲಾಗದೆ. ಫೈಲಿಗೆ ಹಾಕಿಕೊಂಡರು ಮಾತ್ರ.

ಕೆಲಸ ಮತ್ತು ಕ್ಲಾಸು ಎರಡೂ ಹೊಂದಿದ್ದು ಕಾವೇರಿ 2.0ರಿಂದ, ಅದು ಪತ್ರ ನೋಂದಣಿಯ ಆನ್‌ಲೈನ್ ವ್ಯವಸ್ಥೆ. 2023ರಲ್ಲಿ ಈ ಹೊಸ ವ್ಯವಸ್ಥೆ ಬರುವ ಮುಂಚೆ ಬೆಳಗ್ಗೆಯಿಂದಲೇ ಪತ್ರ ಹಿಡಿದು ಕ್ಯೂ, ನಾನು ಅಂಗಡಿ ಬಿಟ್ಟು ಅಲ್ಲಾಡುವ ಹಾಗಿರಲಿಲ್ಲ. ಈಗ ಕರಡನ್ನು ಮುಂಚೆಯೇ ಆನ್‌ಲೈನಿನಲ್ಲಿ ಹಾಕಬೇಕು, ಅವರು ನೋಡಿ ಸರಿ ಅಂದ ಮೇಲೆ ಶುಲ್ಕ ಕಟ್ಟಿ ಸಮಯ ತಗೊಳ್ಳುವುದು. ಹಾಗಾಗಿ ಟೈಪಿಂಗ್ ಕೆಲಸ ಸಂಜೆಗೆ ಜಾರಿತು. ಬೆಳಗ್ಗೆ ರೈಲು ಸಿಕ್ಕರೆ ರೈಲು, ಇಲ್ಲವಾದರೆ ಬಿ.ಎಚ್. ರೋಡಿನ ಬಸ್ಸು. ಮಧ್ಯಾಹ್ನ ಕ್ಲಾಸು ಮುಗಿಸಿ ಗುಬ್ಬಿಗೆ ವಾಪಸ್. ಅಂಗಡಿ ಮುಚ್ಚುವ ತನಕ ಟೈಪಿಂಗ್. ಓದು ಯಾವಾಗ ಅಂದರೆ, ಅದೇ ಪ್ರಶ್ನೆ.

ಅರ್ಜಿ ಕೊಟ್ಟು ಕ್ಲಾಸು ಶುರುವಾಗುವ ತನಕ ಸಮಯವಿತ್ತು, ಆಗಲೇ ಶುರು ಮಾಡಿದೆ. ಮೊದಲು ತಗೊಂಡಿದ್ದು ಗೈಡುಗಳು. ಗೈಡಿನಲ್ಲಿ ಎಲ್ಲ ಇರುತ್ತದೆ, ಆದರೆ ಒಂದು ಪುಟ ಓದಿ ಮುಂದಿನ ಪುಟಕ್ಕೆ ಹೋದರೆ ಹಿಂದಿನದು ಮರೆತುಹೋಗುತ್ತದೆ. ಕಣ್ಣಲ್ಲಿ ಓದಿದ್ದು ನನಗೆ ನಿಲ್ಲುವುದಿಲ್ಲ, ಬೆರಳಲ್ಲಿ ಹೋದದ್ದು ನಿಲ್ಲುತ್ತದೆ. ಅದಕ್ಕೆ 1872ರ ಕರಾರು ಕಾಯ್ದೆಯ ಸೆಕ್ಷನ್‌ಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡೋಕೆ ಶುರು ಮಾಡಿದೆ. ಎಡಕ್ಕೆ ಇಂಗ್ಲಿಷ್ ಮೂಲ, ಬಲಕ್ಕೆ ನನ್ನ ಮಾತಲ್ಲಿ ಕನ್ನಡ. ಸೆಕ್ಷನ್ 13, ಸಮ್ಮತಿ. 14, ಮುಕ್ತ ಸಮ್ಮತಿ. 15 ಬಲವಂತ, 16 ಅನುಚಿತ ಪ್ರಭಾವ, 17 ವಂಚನೆ, 18 ತಪ್ಪು ನಿರೂಪಣೆ.

14ನ್ನು ಟೈಪ್ ಮಾಡುವಾಗ ಕೈ ನಿಂತಿತು. ನಮ್ಮ ಪ್ರತಿ ಪತ್ರದ ಕೊನೆಯಲ್ಲೂ ಒಂದು ಸಾಲು ಇರುತ್ತದೆ, "ಯಾರ ಒತ್ತಾಯ, ಬಲವಂತ, ಆಸೆ ಆಮಿಷಗಳಿಗೂ ಒಳಗಾಗದೆ, ಸ್ವಸ್ಥಚಿತ್ತದಿಂದ, ಸ್ವಇಚ್ಛೆಯಿಂದ." ಕಾಪಿ ಪೇಸ್ಟ್ ಸಾಲು ಅದು. ಸುಮ್ನೆ ಅಲಂಕಾರಕ್ಕೆ ಇದೆ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಒತ್ತಾಯ ಬಲವಂತ 14ರಿಂದ 16ರ ತನಕ, ಸ್ವಸ್ಥಚಿತ್ತ 12ನೇ ಸೆಕ್ಷನ್. ನಾಳೆ ಯಾರಾದರೂ ಕೋರ್ಟಿಗೆ ಹೋಗಿ ಬಲವಂತದಿಂದ ಬರೆಸಿಕೊಂಡರು ಅಂದರೆ ಅದಕ್ಕೆ ಎದುರಾಗಿ ಇರಲಿ ಅಂತ ಹಳಬರು ಸೇರಿಸಿದ ಸಾಲು. ಇಷ್ಟು ವರ್ಷ ನಾನು ಟೈಪ್ ಮಾಡುತ್ತಿದ್ದದ್ದು ಕಾನೂನೇ, ಅದರ ನಂಬರು ಮಾತ್ರ ಗೊತ್ತಿರಲಿಲ್ಲ.

ಅಲ್ಲಿಂದ ಗೈಡು ಮುಚ್ಚಿಟ್ಟು ಉಲ್ಟಾ ಓದೋಕೆ ಶುರು ಮಾಡಿದೆ. ಒಂದು ಹಳೇ ಕ್ರಯಪತ್ರದ ಕರಡು ತಗೊಳ್ಳುವುದು, ಒಂದೊಂದು ಸಾಲಿಗೂ ಇದು ಯಾಕೆ ಇದೆ, ಯಾವ ಕಾಯ್ದೆ ಅಂತ ಹುಡುಕುವುದು. ಪಾರ್ಟಿ ಮೇಜರಾ ಅಂತ ನಾವು ವಯಸ್ಸು ಯಾಕೆ ಬರೆಯುತ್ತೇವೆ? ಸೆಕ್ಷನ್ 11. ಅದರ ಹಿಂದೆ 1903ರ ಮೊಹೋರಿ ಬೀಬಿ ಕೇಸು. ಕಲ್ಕತ್ತದ ಧರ್ಮದಾಸ್ ಘೋಷ್ ಮೈನರ್ ಆಗಿದ್ದಾಗಲೇ ಮನೆ ಅಡವಿಟ್ಟು ಸಾಲ ತಗೊಂಡಿದ್ದ. ಆಗ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಮೈನರ್ ಮಾಡಿದ ಕರಾರು ಮೊದಲಿಂದಲೇ ಕರಾರೇ ಅಲ್ಲ ಅಂದಿತು. ನೋಂದಣಿ ಯಾಕೆ? 1908ರ ನೋಂದಣಿ ಕಾಯ್ದೆ ಸೆಕ್ಷನ್ 17. ಮಾರಾಟ ಅಂದರೆ ಏನು? 1882ರ ಆಸ್ತಿ ವರ್ಗಾವಣೆ ಕಾಯ್ದೆ ಸೆಕ್ಷನ್ 54. ಕೆಲವು ಆಮೇಲಿನ ಸೆಮಿಸ್ಟರಿಗೆ ಬರುವ ವಿಷಯ, ಆದರೂ ಪರವಾಗಿಲ್ಲ.

ಹೀಗೆ ಓದುವಾಗ ಒಂದು ಸಿಕ್ಕಿತು. ದಾನಪತ್ರಕ್ಕೆ, ಅಡಮಾನ ಪತ್ರಕ್ಕೆ, ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು ಅಂತ ಕಾನೂನೇ ಹೇಳುತ್ತದೆ. ಕ್ರಯಪತ್ರಕ್ಕೆ ಹಾಗೆ ಹೇಳಿಲ್ಲ. ಸಂಜೆ ಯಜಮಾನರಿಗೆ ಹೇಳಿದೆ, ಸ್ವಲ್ಪ ಜಂಭದಿಂದಲೇ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, "ಇಲ್ದಿದ್ರೂ ಹಾಕ್ಸಮ್ಮ. ನಾಳೆ ಕೋರ್ಟಲ್ಲಿ ಬಂದು ಹೌದು ಅನ್ನೋಕೆ ಒಬ್ಬ ಬೇಡ್ವಾ?" ಅಂದರು. ಅದು ಯಾವ ಗೈಡಿನಲ್ಲೂ ಇಲ್ಲ.

ಪುಸ್ತಕ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಹಳೇ ಪುಸ್ತಕ ಅಗ್ಗಕ್ಕೆ ಸಿಗುತ್ತದೆ ಅಂತ ಕ್ರಿಮಿನಲ್ ಕಾನೂನಿನದ್ದು ತಗೊಳ್ಳಬೇಡಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 511 ಸೆಕ್ಷನ್ ಇದ್ದದ್ದು 358 ಆಗಿದೆ, ನಂಬರುಗಳೆಲ್ಲ ಅದಲುಬದಲು. ಕೊಲೆ 302 ಇದ್ದದ್ದು 103, ಮೋಸದ 420 ಈಗ 318ರ ಒಳಗಿದೆ. ಆದರೆ ಆ ದಿನಕ್ಕೆ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ, ಹಾಗಾಗಿ ಕೋರ್ಟಿನಲ್ಲಿ ಇನ್ನೂ ಬಹಳ ವರ್ಷ ಎರಡೂ ನಡೆಯುತ್ತವೆ. ಜನರ ಬಾಯಲ್ಲಂತೂ 420 ಸಾಯುವುದಿಲ್ಲ ಬಿಡಿ. ಬೇರ್ ಆಕ್ಟ್, ಅಂದರೆ ವಿವರಣೆ ಇಲ್ಲದೆ ಬರೀ ಕಾಯ್ದೆ ಇರುವ ಪುಸ್ತಕ, ಅದು ಮಾತ್ರ ಹೊಸದೇ ಇರಲಿ. ಕನ್ನಡದ ಸಂವಿಧಾನ, ರಾಜ್ಯದ ಕಾಯ್ದೆಗಳು ಸರ್ಕಾರದ ಸಂಸದೀಯ ವ್ಯವಹಾರಗಳ ಇಲಾಖೆಯ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಆಮೇಲೆ ಭಾಷೆ. ನಾನು ಹತ್ತನೇ ಕ್ಲಾಸಿನ ತನಕ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ, ಬಿಎ ಕೂಡ ಕನ್ನಡದಲ್ಲೇ. ನಮ್ಮ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ಇಂಗ್ಲಿಷ್, ಕನ್ನಡ ಎರಡರಲ್ಲೂ ಬರುತ್ತದೆ. ಉತ್ತರ ಯಾವುದರಲ್ಲಾದರೂ ಬರೆಯಬಹುದು, ಆದರೆ ಪೂರ್ತಿ ಒಂದೇ ಭಾಷೆಯಲ್ಲಿ ಇರಬೇಕು ಅಂತ ಮೇಲೇ ಅಚ್ಚು ಹಾಕಿರುತ್ತಾರೆ. ಕ್ಲಾಸಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆ. ಕನ್ನಡದಲ್ಲಿ ಬರೆದರೆ ಅಂಕ ಕಮ್ಮಿ ಅಂತ ಕೆಲವರು, ಹೈಕೋರ್ಟಿಗೆ ಹೋದರೆ ಇಂಗ್ಲಿಷೇ ಬೇಕಲ್ವಾ ಅಂತ ಕೆಲವರು. ಹೈಕೋರ್ಟ್ ಮಾತು ನಿಜ. ಆದರೆ ನಾನು ನಿಲ್ಲಬೇಕಾದದ್ದು ಗುಬ್ಬಿ ಕೋರ್ಟಿನಲ್ಲಿ, ಅಲ್ಲಿಗೆ ಬರುವವರು ಕನ್ನಡದಲ್ಲಿ ಕೇಳುತ್ತಾರೆ. ಪದವಿ ಆದ ಮೇಲಿನ ಬಾರ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಕನ್ನಡ ಅಂತ ತೀರ್ಮಾನಿಸಿದೆ. ಇಂಗ್ಲಿಷ್ ತೀರ್ಪು ಓದುವ ಅಭ್ಯಾಸ ಮಾತ್ರ ಬಿಟ್ಟಿಲ್ಲ, ವಾರಕ್ಕೆ ಒಂದು, ಎಷ್ಟು ನಿಧಾನವಾದರೂ ಸರಿ.

ಹಳೇ ಪ್ರಶ್ನೆಪತ್ರಿಕೆ ನೋಡಿದರೆ ಮಾದರಿ ಗೊತ್ತಾಗುತ್ತದೆ. ಐದು ಘಟಕ, ಪ್ರತಿ ಘಟಕದಿಂದ ಒಂದು ದೊಡ್ಡ ಪ್ರಶ್ನೆ, ಒಂದು ಟಿಪ್ಪಣಿ ಅಥವಾ ಸಮಸ್ಯೆ. ಒಂದು ಘಟಕ ಬಿಟ್ಟು ಓದೋಣ ಅನ್ನುವ ಹಾಗಿಲ್ಲ. ಹೆಚ್ಚಿನವರು ಟಿಪ್ಪಣಿ ಬರೆಯುತ್ತಾರೆ, ನನಗೆ ಸಮಸ್ಯೆಯೇ ಇಷ್ಟ. ಎ ಅನ್ನುವವನು ಬಿಗೆ ಏನೋ ಮಾರುತ್ತಾನೆ, ಸಿ ಬಂದು ತಕರಾರು ತೆಗೆಯುತ್ತಾನೆ, ನೀವೇ ತೀರ್ಮಾನಿಸಿ ಅಂತ ಇರುತ್ತದೆ. ಎ, ಬಿ, ಸಿ ಮೂವರನ್ನೂ ನಾನು ಅಂಗಡಿಯಲ್ಲಿ ನೋಡಿದ್ದೇನೆ.

ತೊಡಕಿರುವುದು ಟಾರ್ಟ್ಸ್‌ನಲ್ಲಿ, ಅಂದರೆ ಕರಾರು ಇಲ್ಲದಿದ್ದರೂ ಒಬ್ಬರಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನಿನಲ್ಲಿ. ಅದಕ್ಕೆ ಕರಾರು ಕಾಯ್ದೆಯ ಹಾಗೆ ಸಾಲಾಗಿ ಸೆಕ್ಷನ್ ಇಲ್ಲ, ಬರೀ ಕೇಸುಗಳು, ಹೆಚ್ಚಿನವು ಇಂಗ್ಲೆಂಡಿನವು. ಟೈಪ್ ಮಾಡಿ ಕಲಿಯೋಣ ಅಂದರೆ ಏನನ್ನು ಟೈಪ್ ಮಾಡುವುದು? 1932ರ ಬಾಟಲಿಯಲ್ಲಿ ಬಸವನಹುಳು ಸಿಕ್ಕ ಕೇಸು ನೆನಪಿರುತ್ತದೆ, ಯಾರಿಗೆ ತಾನೇ ಮರೆಯುತ್ತದೆ. 1868ರ ರೈಲ್ಯಾಂಡ್ಸ್ ಕೇಸು ಅರ್ಥವಾಗಿರಲಿಲ್ಲ. ತನ್ನ ಜಾಗದಲ್ಲಿ ನೀರು ಕಟ್ಟಿದ, ಅದು ನುಗ್ಗಿ ಪಕ್ಕದವನ ಗಣಿಗೆ ಹೋಯಿತು, ಇವನದ್ದು ನಿರ್ಲಕ್ಷ್ಯ ಇಲ್ಲದಿದ್ದರೂ ನಷ್ಟ ಕೊಡಬೇಕು ಅಂತ. ಮುಂದಿನ ಬೆಂಚಿನ ರಿಟೈರ್ಡ್ ಮೇಷ್ಟ್ರು ಬಿಡುವಿನಲ್ಲಿ, "ನಿಮ್ಮ ಪಕ್ಕದ ತೋಟದವ್ನು ಕೃಷಿ ಹೊಂಡ ತೋಡ್ಸಿ, ಅದು ಒಡ್ದು ನಿಮ್ಮ ಅಡಿಕೆ ಸಸಿ ಕೊಚ್ಕೊಂಡ್ ಹೋದ್ರೆ ಸುಮ್ನಿರ್ತೀರೇನಮ್ಮ?" ಅಂದರು. ಸುಮ್ನಿರಲ್ಲ ಸಾರ್ ಅಂದೆ. "ಅಷ್ಟೇ ಕೇಸು" ಅಂತ ಟಿಫನ್ ಡಬ್ಬಿ ತೆಗೆದರು.

ವಕೀಲರಾಗಿ ಹೆಸರು ನೋಂದಾಯಿಸೋಕೆ ಎಷ್ಟು ದುಡ್ಡು ಅಂತ ನಮ್ಮನೆಯವರು ಈಗಲೇ ಕೇಳುತ್ತಾರೆ. ರಾಜ್ಯದ ಬಾರ್ ಕೌನ್ಸಿಲ್‌ಗಳು ಮನಬಂದಂತೆ ಸಾವಿರಗಟ್ಟಲೆ ತಗೊಳ್ಳುವ ಹಾಗಿಲ್ಲ ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕಾಯ್ದೆಯಲ್ಲಿರುವ 750 ರೂಪಾಯಿ, ಎಸ್‌ಸಿ ಎಸ್‌ಟಿಗೆ 125, ಅಷ್ಟೇ. ಅಲ್ಲಿಗೆ ಇನ್ನೂ ದೂರ ಇದೆ. ಸದ್ಯಕ್ಕೆ ಸೋಮವಾರ ಟಾರ್ಟ್ಸ್ ಇಂಟರ್ನಲ್ಸ್. ಐದು ಕೇಸು ಬಾಯಿಗೆ ಬರಬೇಕು, ಮೂರು ಬಂದಿವೆ.